ನೆರಳು ನೇಯ್ದ ಚಿತ್ರ

ಚಾಪೆಯನ್ನು ಹೆಣೆಯುವಾಗ ಉದ್ದಪಟ್ಟಿಯು ಒಂದು ಅಡ್ಡಪಟ್ಟಿಯ ಮೇಲೆ ಹಾಯ್ದು, ಮುಂದಿನದರ ಕೆಳಗೆ ನುಸುಳುವುದನ್ನು ನಾವು ನೋಡಿದ್ದೇವೆ. ಛಾಯಾಚಿತ್ರವೊಂದನ್ನು ಕತ್ತರಿಸದೆಯೇ, ಗಣಕಯಂತ್ರದ ಫೋಟೋಶಾಪ್ ಅಥವಾ ಗಿಂಪ್ ತಂತ್ರಾಂಶದ ನೆರವಿನಿಂದ, ಹೀಗೆ ಹೆಣೆದಂತೆ ತೋರಿಸಬಹುದು. ಅದು ಹೇಗೆಂಬುದನ್ನು ವಿಚಾರಿಸೋಣ.

ಉದ್ದಗಲಗಳೆರಡೂ 1000 ಪಿಕ್ಸೆಲ್ ಇರುವ ಚಿತ್ರದ ಎರಡು ಪ್ರತಿಗಳನ್ನು ಒಂದರ ಮೇಲೊಂದು ಪದರಗಳಾಗಿ ಇರಿಸೋಣ. ಒಂದನ್ನು 10 ಉದ್ದಪಟ್ಟಿಗಳಾಗಿಯೂ ಮತ್ತೊಂದನ್ನು 10 ಅಡ್ಡಪಟ್ಟಿಗಳಾಗಿಯೂ ಭಾವಿಸಿದರೆ 100 ಚೌಕಗಳಾಗುತ್ತವೆ. ಯಾವ ಚೌಕದಲ್ಲಿ ಯಾವ ಪಟ್ಟಿ ಮೇಲಿರಬೇಕು? ಅಡ್ಡಸಾಲಿನ ಸಂಖ್ಯೆಗೆ ಕಂಬಸಾಲಿನ ಸಂಖ್ಯೆಯನ್ನು ಕೂಡಿಸಬೇಕು. ಮೊತ್ತವು ಸಮವಾದರೆ ಉದ್ದಪಟ್ಟಿ ಮೇಲೆ. ಬೆಸವಾದರೆ ಅಡ್ಡಪಟ್ಟಿ ಮೇಲೆ. ಚದುರಂಗದ ಮಣೆಯಲ್ಲಿರುವಂತೆ ಚೌಕಗಳು ಸಮನಾಗಿ, ಐವತ್ತೈವತ್ತಾಗಿ, ಹಂಚಿಹೋಗುತ್ತವೆ. ಮೇಲಿನ ಪದರದಲ್ಲಿ ಬೇಡವಾದ ಚೌಕಗಳನ್ನು ‘ಮಾಸ್ಕ್’ ಎಂಬ ಸಾಧನದಿಂದ ಮರೆಮಾಡಿದರೆ, ಅಲ್ಲಿ ಕೆಳಗಿನ ಪದರ ಕಾಣುತ್ತದೆ.

ಆಶ್ಚರ್ಯವೆಂದರೆ, ಇಷ್ಟಾದರೂ ಚಿತ್ರದಲ್ಲಿ ಯಾವ ಬದಲಾವಣೆಯೂ ತೋರದು! ಎರಡು ಪದರಗಳೂ ಒಂದೇ ಚಿತ್ರವಾದುದರಿಂದ, ಯಾವುದು ಮೇಲಿದ್ದರೂ ಕಾಣುವ ಬಣ್ಣ ಒಂದೇ ಅಲ್ಲವೆ? ಈಗ ನೆರಳನ್ನು ಸೇರಿಸಬೇಕು. ಉದ್ದಪಟ್ಟಿ ಮೇಲಿರುವ ಚೌಕದ ಮೇಲಿನ ಮತ್ತು ಕೆಳಗಿನ ಅಂಚುಗಳನ್ನೂ, ಅಡ್ಡಪಟ್ಟಿ ಮೇಲಿರುವ ಚೌಕದ ಎಡಬಲದ ಅಂಚುಗಳನ್ನೂ ತುಸು ಕಪ್ಪಾಗಿಸಬೇಕು. ಒಡನೆಯೇ ಪಟ್ಟಿಗಳು ಉಬ್ಬಿ ತಗ್ಗಿ, ಒಂದರಡಿ ಒಂದು ಸರಿದಂತೆ ಕಾಣುತ್ತವೆ.

ನೆರಳಿದ್ದಲ್ಲಿ ತಗ್ಗಿದೆಯೆಂದು ನಂಬುವುದು ನಮ್ಮ ದೃಷ್ಟಿಯ ರೂಢಿ. ಚಿತ್ರವನ್ನು ನೇಯುವುದು ಈ ನಂಬಿಕೆಯೇ. ಯಾವುದೇ ಛಾಯಾಚಿತ್ರವನ್ನು ಸಾಕ್ಷ್ಯವೆಂದು ಒಪ್ಪುವ ಮುನ್ನ ನಾವು ಇದನ್ನು ನೆನೆಯುವುದು ಲೇಸು.