ನಿದ್ದೆಯಲ್ಲಿಯೂ ಉಣ್ಣುವ ಯಂತ್ರಗಳು

ರಾಮಾಯಣದ ಕುಂಭಕರ್ಣನು ಎದ್ದಾಗ ಮಾತ್ರ ಉಣ್ಣುತ್ತಿದ್ದನು. ಮಲಗಿದ್ದಾಗ ಲಂಕೆಯ ಉಗ್ರಾಣಕ್ಕೆ ಅವನಿಂದ ಖರ್ಚಿರಲಿಲ್ಲ. ನಮ್ಮ ಮನೆಗಳ ಯಂತ್ರಗಳು ಅವನನ್ನೂ ಮೀರಿಸಿವೆ. ಇವು ನಿದ್ದೆಯಲ್ಲಿಯೂ ಉಣ್ಣುತ್ತವೆ.

ರಿಮೋಟಿನ ಗುಂಡಿ ಒತ್ತಿದರೆ ಟೆಲಿವಿಷನ್ನಿನ ಚಿತ್ರ ಮಾಯವಾಗುವುದೇನೋ ನಿಜ. ಆದರೆ ಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಉಳಿದಿರುತ್ತದೆ. ನಾವು ಮತ್ತೆ ಯಾವಾಗ ಗುಂಡಿ ಒತ್ತುವೆವೋ ಎಂದು ಯಂತ್ರವು ಕಾದೇ ಇರುತ್ತದೆ. ಈ ಕಾವಲಿಗೆ ಕೂಲಿಯಾಗಿ ಹಗಲಿರುಳೂ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ಎಳೆಯುತ್ತದೆ. ಇದಕ್ಕೆ ‘ಸ್ಟ್ಯಾಂಡ್‌ಬೈ’ ಎನ್ನುವರು.

‘ಸ್ವಲ್ಪ’ ಎಂದರೆ ಎಷ್ಟು? ಲೆಕ್ಕ ಸುಲಭ. ವರ್ಷಕ್ಕೆ 8,760 ಗಂಟೆಗಳು. ಒಂದೇ ವ್ಯಾಟ್ ವರ್ಷವಿಡೀ ಹರಿದರೆ 8.76 ಯೂನಿಟ್. ಮನೆಯಲ್ಲೆಲ್ಲ ಸೇರಿ 20 ವ್ಯಾಟ್ ಸೋರಿದರೆ 175 ಯೂನಿಟ್! ಹನಿ ಹನಿ ಗೂಡಿದರೆ ಹಳ್ಳ. ಅದರಲ್ಲಿಯೂ ನಾವು ನೆಲಸಿರುವ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಮೆಟ್ಟಿಲು ಹತ್ತುತ್ತದೆ. ಉಳಿಸಿದ ಪ್ರತಿಯೊಂದು ಯೂನಿಟ್ಟೂ ಕೊನೆಯ, ಅಂದರೆ ದುಬಾರಿಯಾದ, ಮೆಟ್ಟಿಲಿನದು. ಇನ್ನು ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲು ಸುಟ್ಟೇ ಬರುತ್ತಿದೆ ಎಂಬುದನ್ನೂ ಮರೆಯಲಾಗದು.

1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ಈ ಸೋರಿಕೆಯನ್ನು ಯಂತ್ರವೊಂದಕ್ಕೆ ಒಂದು ವ್ಯಾಟಿಗೆ ಇಳಿಸಬೇಕೆಂದು ಸೂಚಿಸಿತು. ಐರೋಪ್ಯ ಒಕ್ಕೂಟವು 2013ರಿಂದ ಹಲವು ಗೃಹೋಪಯೋಗಿ ಯಂತ್ರಗಳಿಗೆ ಅರ್ಧ ವ್ಯಾಟಿನ ಮಿತಿ ಹಾಕಿತು. ಆದ್ದರಿಂದ ಹೊಸ ಟೆಲಿವಿಷನ್ನು, ಮೊಬೈಲ್ ಚಾರ್ಜರುಗಳು ಮಿತಾಹಾರಿಗಳೇ. ದೊಡ್ಡ ಹೊಟ್ಟೆಯದು ಸೆಟ್ ಟಾಪ್ ಬಾಕ್ಸು. ಇವುಗಳಲ್ಲಿ ಹಲವು ಆರಿಸಿದ ಮೇಲೂ ಹೆಚ್ಚುಕಡಿಮೆ ಮೊದಲಿನಷ್ಟೇ ವಿದ್ಯುತ್ತನ್ನು ಬಳಸುತ್ತವೆ. ಮೈಕ್ರೋವೇವ್ ಒಲೆಯ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಗಡಿಯಾರಕ್ಕೆ 3 ವ್ಯಾಟ್ ಬೇಕೆನ್ನಿ. ದಿನಕ್ಕೆ 72 ವ್ಯಾಟ್-ಗಂಟೆ ಆಯಿತು. 1,200 ವ್ಯಾಟ್ ಎಳೆಯುವ ಒಲೆಯಲ್ಲಿ ಮೂರು ನಿಮಿಷ ಅನ್ನ ಬಿಸಿ ಮಾಡಿದರೆ ಖರ್ಚು 60 ಮಾತ್ರ. ಅನ್ನಕ್ಕಿಂತ ಗಡಿಯಾರವೇ ದುಬಾರಿ!

ನಿಮ್ಮ ಮನೆಯ ಸೋರಿಕೆಯನ್ನು ನೀವೇ ಅಳೆಯಬಹುದು. ರಾತ್ರಿ ದೀಪ, ಫ್ಯಾನುಗಳನ್ನೆಲ್ಲ ಆರಿಸಿ. ಫ್ರಿಜ್ಜನ್ನೂ ಹತ್ತು ನಿಮಿಷ ನಿಲ್ಲಿಸಿ. ಉಳಿದವನ್ನು ಎಂದಿನಂತೆ ರಿಮೋಟಿನಿಂದ ಮಾತ್ರ ಆರಿಸಿ, ಮೀಟರಿನ ಕೆಂಪು ದೀಪವನ್ನು ನೋಡಿ. ಯೂನಿಟ್ಟಿಗೆ ಎಷ್ಟು ಮಿಣುಕೆಂದು ಮೀಟರಿನ ಮೇಲೆಯೇ ಬರೆದಿರುತ್ತದೆ. ಅದು 3,200 ಆಗಿದ್ದು, ದೀಪ ನಿಮಿಷಕ್ಕೊಮ್ಮೆ ಮಿಣುಕಿದರೆ ಸೋರಿಕೆ ಸುಮಾರು 19 ವ್ಯಾಟ್. ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಶಾಲೆಯ ಗಣಿತ ಮನೆಯ ಲೆಕ್ಕಕ್ಕೂ ಬರುತ್ತದೆಂದು ಅವರಿಗೆ ತಿಳಿದೀತು.

ಪರಿಹಾರವೂ ಕೈಯಳತೆಯಲ್ಲಿಯೇ ಇದೆ. ಅಮೆರಿಕದ ಮನೆಗಳ ಗೋಡೆಯ ಪ್ಲಗ್ಗುಗಳಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ. ನಮ್ಮಲ್ಲಿ ಪ್ರತಿಯೊಂದಕ್ಕೂ ಉಂಟು; ಆದರೆ ಕಪಾಟಿನ ಹಿಂದೆ ಅಡಗಿರುತ್ತದೆ. ಟೆಲಿವಿಷನ್ನು, ಸೆಟ್ ಟಾಪ್ ಬಾಕ್ಸು, ಧ್ವನಿಪೆಟ್ಟಿಗೆಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ, ಅದನ್ನು ಕೈಗೆ ಸಿಗುವಲ್ಲಿಡಿ. ಮಲಗುವ ಮುನ್ನ ಗ್ಯಾಸ್ ನೋಡುವಂತೆಯೇ ಈ ಸ್ವಿಚ್ಚನ್ನೂ ನೋಡಿ. ಫ್ರಿಜ್ಜಿನ ತಂಟೆಗೆ ಹೋಗಬೇಡಿ. ಮನೆಯ ಕ್ಯಾಮೆರಾ, ಟೆಲಿಫೋನುಗಳು ವೈಫೈ ಪೆಟ್ಟಿಗೆಯನ್ನು ನಂಬಿದ್ದರೆ ಅದನ್ನೂ ಬಿಟ್ಟುಬಿಡಿ.

ಬೇಸಗೆಯ ರಜೆಗೆಂದು ತಿಂಗಳುಗಟ್ಟಲೆ ಊರಿಗೆ ಹೋಗುವವರು ನಮ್ಮಲ್ಲಿ ಬಹಳ ಮಂದಿ. ಹೊರಡುವ ಮುನ್ನ ಫ್ರಿಜ್ಜನ್ನು ಬರಿದುಮಾಡಿ, ಒರೆಸಿ, ಬಾಗಿಲನ್ನು ತುಸು ತೆರೆದಿಟ್ಟು, ಮೆಯ್ನ್ ಸ್ವಿಚ್ಚನ್ನೇ ಇಳಿಸಿಬಿಡಿ. ನೀವು ಊರಿನ ಜಗಲಿಯಲ್ಲಿ ಮಾವಿನಹಣ್ಣು ತಿನ್ನುತ್ತಿರುವಾಗ, ಇಲ್ಲಿ ಬೀಗ ಹಾಕಿದ ಮನೆಯಲ್ಲಿ ಯಂತ್ರಗಳು ನಿಮ್ಮ ಲೆಕ್ಕದಲ್ಲಿ ಉಣ್ಣುತ್ತಿರಬೇಕೇಕೆ?