ಎಳೆಗೂಸಿನ ಮೈಶಾಖ ಮತ್ತು ಹಳ್ಳಿಯ ದಾದಿ

ಮಗು ಹುಟ್ಟಿದ ಐದನೆಯ ರಾತ್ರಿ ಸಟವಿ ತಾಯಿಯು ಬಂದು ಅದರ ಹಣೆಯಲ್ಲಿ ಬರೆದು ಹೋಗುವಳೆಂಬ ನಂಬಿಕೆ ನಮ್ಮ ಉತ್ತರ ಕರ್ನಾಟಕದಲ್ಲಿ ಹಳೆಯದು. ಇದರ ಹಿಂದೆ ಹಿರಿಯರ ಕಹಿ ಅನುಭವವೊಂದು ಅಡಗಿದ್ದರೆ ಆಶ್ಚರ್ಯವಿಲ್ಲ. ಹುಟ್ಟಿದ 28 ದಿನಗಳೊಳಗೆ ತೀರಿಕೊಳ್ಳುವ ಶಿಶುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲನೆಯ ವಾರದಲ್ಲಿಯೇ ತೀರಿಕೊಳ್ಳುತ್ತವೆ. ಆ ಗಂಡಾಂತರದ ವಾರದಲ್ಲಿ ಬಾಣಂತಿಯ ಕೋಣೆಗೆ ಬಂದು, ಕೂಸನ್ನು ನೋಡಿ, ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವವರು ಈಗ ಬೇರೆ ಇದ್ದಾರೆ. ಉಪಕೇಂದ್ರದ ದಾದಿ ಮತ್ತು ಆಕೆಯ ಕೈಕೆಳಗಿನ ಆಶಾ ಕಾರ್ಯಕರ್ತೆಯರೇ ಅವರು. ಇವರ ಕೆಲಸದಲ್ಲಿ ಭೌತಶಾಸ್ತ್ರದ ಪಾತ್ರ ಎಷ್ಟೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ತಿಮ್ಮಾಪುರದಂತಹ ಒಂದು ಊರನ್ನು ಕಣ್ಣಮುಂದೆ ತಂದುಕೊಳ್ಳಿರಿ. ಸುತ್ತಲೂ ಕಬ್ಬಿನ ಹೊಲಗಳು, ಕಟಾವಿನ ಕಾಲ, ಪುಷ್ಯಮಾಸದ ಚಳಿಯ ಬೆಳಗು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ತವರಿಗೆ ಬಂದ ಬಾಣಂತಿಯ ಮಗುವಿಗೆ ಇಂದು ಮೂರನೆಯ ದಿನ. ದಾದಿಯು ಕೈ ತೊಳೆದು, ಕೂಸನ್ನು ಜೋಳಿಗೆಯಲ್ಲಿ ಮಲಗಿಸಿ ಸುರುಳಿತಕ್ಕಡಿಗೆ ತೂಗುಹಾಕುತ್ತಾಳೆ. ಭಾರಕ್ಕೆ ತಕ್ಕಂತೆ ಸುರುಳಿ ಹಿಗ್ಗುವುದೆಂಬ ಹುಕ್ಕನ ನಿಯಮವನ್ನು ನಾವು ಪ್ರಯೋಗಶಾಲೆಯಲ್ಲಿ ಕಲಿತಿದ್ದೇವಷ್ಟೆ. ಅದೇ ನಿಯಮವು ಇಲ್ಲಿ 1.9 ಕಿಲೋಗ್ರಾಂ ಎಂದು ಹೇಳುತ್ತದೆ. ಹುಟ್ಟುವಾಗ 2.5 ಕಿಲೋಗ್ರಾಂಗಿಂತ ಕಡಿಮೆಯಿದ್ದರೆ ಅದು ಕಡಿಮೆ ತೂಕದ ಮಗು. ಬಳಿಕ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸುತ್ತಾಳೆ. 60 ಅಥವಾ ಅದಕ್ಕೆ ಮೇಲಾದರೆ ಅಪಾಯದ ಸೂಚನೆ. ಕೊನೆಗೆ ಕಂಕುಳಲ್ಲಿ ಉಷ್ಣಮಾಪಕವನ್ನಿಡುತ್ತಾಳೆ. ಅತ್ತ ಅಜ್ಜಿ ಬಚ್ಚಲೊಲೆಗೆ ಉರಿ ಹಾಕಿದ್ದಾಳೆ. ದಾದಿ ಮೆಲ್ಲನೆ, "ಆಯೀ, ಕೂಸಿನ ತೂಕ ಎರಡು ಕಿಲೋ ದಾಟೂತನಕ ನೀರು ಹಾಕಬ್ಯಾಡ್ರಿ," ಎನ್ನುತ್ತಾಳೆ.

ಬಿಸಿನೀರಿನಿಂದ ಕೂಸಿಗೆ ಚಳಿಯಾಗುವುದು ಹೇಗೆ? ಅಜ್ಜಿಯ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕಾಗಿ ಎರಡು ಘನಾಕೃತಿಗಳನ್ನು ತೆಗೆದುಕೊಳ್ಳೋಣ. ಒಂದರ ಬದಿ 1 ಸೆಂಟಿಮೀಟರ್, ಇನ್ನೊಂದರದು 3. ಚಿಕ್ಕದರ ಗಾತ್ರ 1, ಮೇಲ್ಮೈ 6. ದೊಡ್ಡದರ ಗಾತ್ರ 27, ಮೇಲ್ಮೈ 54. ಎಂದರೆ ಪ್ರತಿ ಘನ ಸೆಂಟಿಮೀಟರಿಗೆ ಚಿಕ್ಕದರಲ್ಲಿ 6 ಚದರ ಸೆಂಟಿಮೀಟರ್ ಮೇಲ್ಮೈ, ದೊಡ್ಡದರಲ್ಲಿ ಕೇವಲ 2. ಶಾಖವು ಸಂಗ್ರಹವಾಗಿರುವುದು ಗಾತ್ರದಲ್ಲಿ; ಸೋರಿಹೋಗುವುದು ಮೇಲ್ಮೈಯಿಂದ. ತೂಕಕ್ಕೆ ಹೋಲಿಸಿದರೆ ಎಳೆಗೂಸಿನ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಅದರ ಚರ್ಮದಡಿಯಲ್ಲಿ ಕೊಬ್ಬಿನ ಹೊದಿಕೆಯೂ ತೆಳು. ದೊಡ್ಡವರಂತೆ ಗಡಗಡ ನಡುಗಿ ಶಾಖವನ್ನು ಹುಟ್ಟಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಕಂದು ಕೊಬ್ಬೆಂಬ ವಿಶೇಷ ಇಂಧನವನ್ನು ಉರಿಸಬೇಕು. ತೂಕ ಕಡಿಮೆಯಾದ ಶಿಶುವಿನಲ್ಲಿ ಆ ಸಂಗ್ರಹವೂ ಅಲ್ಪ.

ಇನ್ನು ನೀರಿನ ಲೆಕ್ಕ. ಮೈಯ ಉಷ್ಣತೆಯಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಮಿಂದ ಕೂಸಿನ ಮೈಮೇಲಿಂದ 10 ಗ್ರಾಂ ನೀರು ಆರಿಹೋಯಿತೆನ್ನೋಣ: 5,800 ಕ್ಯಾಲೊರಿ. ಅದರಲ್ಲಿ ಅರ್ಧ ಮಾತ್ರ ಮೈಯಿಂದ ಬಂದಿತೆಂದರೂ 2,900. 2 ಕಿಲೋಗ್ರಾಂ ತೂಗುವ ಶಿಶುವಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿಯಲು ಸುಮಾರು 1,700 ಕ್ಯಾಲೊರಿ ನಷ್ಟವಾದರೆ ಸಾಕು. ಕೂಸು ತಾನೂ ಅಷ್ಟಿಷ್ಟು ಶಾಖವನ್ನು ಉತ್ಪಾದಿಸುತ್ತಿದ್ದರೂ ಈ ನಷ್ಟವನ್ನು ಬೇಗ ತುಂಬಿಕೊಳ್ಳಲಾರದು. ಎಳೆಗೂಸಿನ ಉಷ್ಣತೆ 36.5ರಿಂದ 37.5 ಡಿಗ್ರಿಯೊಳಗಿರಬೇಕು, 36ಕ್ಕಿಂತ ಕೆಳಗಿಳಿದರೆ ಕೂಡಲೇ ಚಿಕಿತ್ಸೆ ಬೇಕು. ತಣ್ಣಗಾದ ಕೂಸು ಮಂಕಾಗಿ ಮೊಲೆ ಹಿಡಿಯದು. ಹಾಲಿಲ್ಲದಿದ್ದರೆ ಶಾಖಕ್ಕೆ ಇಂಧನವೂ ಇಲ್ಲ. ಒಂದು ಕೇಡು ಇನ್ನೊಂದನ್ನು ಬೆಳೆಸುತ್ತ ಹೋಗುತ್ತದೆ.

ಪರಿಹಾರವೂ ಭೌತಶಾಸ್ತ್ರದಲ್ಲಿಯೇ ಇದೆ. ಶಾಖವು ಹೋಗುವ ದಾರಿಗಳು ನಾಲ್ಕು: ಬಾಷ್ಪೀಭವನ, ವಹನ, ಸಂವಹನ, ವಿಕಿರಣ. ಮೈಯನ್ನು ಒಣಗಿಸಿದರೆ ಮೊದಲನೆಯದು ಮುಚ್ಚಿತು. ಬಟ್ಟೆ ತೆಗೆದ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿ ಮೇಲೆ ಕೌದಿ ಹೊದಿಸಿದರೆ, ತಣ್ಣನೆಯ ಹಾಸಿಗೆಗೆ ಹರಿದುಹೋಗುತ್ತಿದ್ದ ಶಾಖ ನಿಲ್ಲುತ್ತದೆ. ತಾಯಿಯ ಮೈಯ ಶಾಖವೇ ಕೂಸಿಗೆ ಹರಿಯುತ್ತದೆ. ಕಿಟಕಿಯ ಗಾಳಿಯೂ ತಾಕದು. ಎಳೆಗೂಸಿನ ಮೈಯಲ್ಲಿ ತಲೆಯ ಭಾಗವೇ ದೊಡ್ಡದಾದುದರಿಂದ ನಮ್ಮ ಅಜ್ಜಿಯರು ಹೊಲಿದ ಕುಂಚಿಗೆಯಂತೂ ಶಾಸ್ತ್ರಸಮ್ಮತವೇ ಸರಿ. ಹೊಗೆಯ ಅಗ್ಗಿಷ್ಟಿಕೆಯನ್ನು ಮಾತ್ರ ಬಿಡಬೇಕು. ಅದರ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಾನಿ.

ಎದೆಗವಚುವ ಈ ಕ್ರಮಕ್ಕೆ ಕಾಂಗರೂ ಆರೈಕೆಯೆಂದು ಹೆಸರು. ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಯಂತ್ರಗಳ ಕೊರತೆಯಿದ್ದಾಗ 1978ರ ಸುಮಾರಿಗೆ ವೈದ್ಯ ಎಡ್ಗರ್ ರೇ ಇದನ್ನು ಬಳಕೆಗೆ ತಂದನು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಬಗೆಯನ್ನು ಸಂಶೋಧಕರು ಅಭ್ಯಸಿಸಿದ್ದಾರೆ. ಮನೆಗೆ ಹೋಗಿ ನೋಡುವುದರ ಫಲವನ್ನು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ಅಭಯ ಬಂಗ್ ಮತ್ತು ಸಂಗಡಿಗರು ಅಳೆದು ತೋರಿಸಿದರು. 39 ಹಳ್ಳಿಗಳಲ್ಲಿ ತರಬೇತಿ ಪಡೆದ ಹಳ್ಳಿಯ ಹೆಂಗಸರು ಎಳೆಗೂಸುಗಳನ್ನು ನೋಡಿಕೊಂಡರು. ಮೂರನೆಯ ವರ್ಷದ ವೇಳೆಗೆ, ಹೋಲಿಕೆಯ ಹಳ್ಳಿಗಳಿಗಿಂತ ನವಜಾತ ಶಿಶುಮರಣವು ಶೇಕಡ 62ರಷ್ಟು ಇಳಿದಿತ್ತು. 1999ರಲ್ಲಿ ಈ ವರದಿ ಪ್ರಕಟವಾಯಿತು. 2011ರಿಂದ ಭಾರತದಲ್ಲೆಲ್ಲ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಭೇಟಿಕೊಡುವ ಕ್ರಮ ಜಾರಿಗೆ ಬಂದಿತು. ಮನೆಯಲ್ಲಿಯೇ ಹೆರಿಗೆಯಾದರೆ ಮೊದಲನೆಯ ದಿನವೂ ಭೇಟಿ ಉಂಟು.

ಭೇಟಿ ಒಮ್ಮೆಯಾದರೆ ಏಕೆ ಸಾಲದು? ಒಂದು ಬಿಂದುವಿನಿಂದ ನಕ್ಷೆಯ ಗೆರೆಯನ್ನು ಎಳೆಯಲಾಗದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಮೊದಲ ದಿನಗಳಲ್ಲಿ ಕೂಸಿನ ತೂಕ ತುಸು ಇಳಿಯುವುದು ಸಹಜ. ಎರಡು ವಾರದೊಳಗೆ ಅದು ಮತ್ತೆ ಏರಬೇಕು. ಏರಿತೇ ಇಲ್ಲವೇ ಎಂಬುದು ಮರಳಿ ಬಂದು ತೂಗಿದವಳಿಗಷ್ಟೇ ತಿಳಿದೀತು. ಮರಳಿ ಬರುವವಳ ಮಾತನ್ನೇ ಅಜ್ಜಿಯೂ ನಂಬುತ್ತಾಳೆ. ನಿಮ್ಮ ಮನೆಯಲ್ಲಿ ಬಾಣಂತಿಯಿದ್ದು ದಾದಿ ಬಾಗಿಲಿಗೆ ಬಂದಾಗ, ಆಕೆ ಹೇಳಿದ ಅಂಕಿಗಳ ಅರ್ಥವನ್ನು ಅಜ್ಜಿಗೆ ತಿಳಿಸಿ ಹೇಳಿರಿ. ನೀವು ಕಲಿತ ಉಷ್ಣಶಾಸ್ತ್ರಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇರಲಾರದು.