ನುಂಗಲಾಗದವರ ಪರಮಪ್ರಸಾದ, ನುಡಿಯಲಾಗದವರ ಪಾಪನಿವೇದನೆ

ಪರಮಪ್ರಸಾದ ಸಂಸ್ಕಾರವನ್ನು ಬೋಧಿಸುವಾಗ ನಾವು ದ್ರವ್ಯ, ರೂಪ, ಅರ್ಪಿಸುವ ಯಾಜಕ, ಸ್ವೀಕರಿಸುವವನ ಸಿದ್ಧತೆ ಎಂಬ ಕ್ರಮದಲ್ಲಿ ಪಾಠವನ್ನು ನಡೆಸುತ್ತೇವೆ. ಸ್ವೀಕರಿಸುವವನ ಗಂಟಲಿನ ವಿಚಾರ ಆ ಕ್ರಮದಲ್ಲಿ ಎಲ್ಲಿಯೂ ಬರುವುದಿಲ್ಲ. ತಿನ್ನುವುದು ಮತ್ತು ಕುಡಿಯುವುದು ಈ ಸಂಸ್ಕಾರದ ಸಂಕೇತದಲ್ಲಿಯೇ ಅಡಕವಾಗಿರುವಾಗ ಈ ಮೌನ ವಿಚಿತ್ರವಾದುದು. ಇದರ ಫಲವನ್ನು ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಧರ್ಮಕೇಂದ್ರಗಳಲ್ಲಿ ಮೊದಲ ಶುಕ್ರವಾರದಂದು ಕಾಣಬಹುದು. ರೋಗಿಗಳ ಮನೆಗಳಿಗೆ ಪ್ರಸಾದವನ್ನು ಒಯ್ಯುವ ಧರ್ಮಗುರುವಿಗೆ ಅಂಗಳದಲ್ಲಿಯೇ ಉತ್ತರ ಸಿಗುತ್ತದೆ: “ಫಾದರ್, ಅಪ್ಪನಿಗೆ ಈಗ ನುಂಗಲಿಕ್ಕೆ ಆಗುವುದಿಲ್ಲ, ಆಶೀರ್ವಾದ ಮಾತ್ರ ಕೊಡಿ.” ಮರುತಿಂಗಳೂ ಅದೇ ಮಾತು. ಮೂರನೆಯ ತಿಂಗಳಿಗೆ ಆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ಆ ಮನುಷ್ಯ ಇನ್ನೂ ಆರು ವರ್ಷ ಬದುಕಿರಬಹುದು.

ಧರ್ಮಸಭೆಯ ಪರಂಪರೆ ಈ ವಿಷಯದಲ್ಲಿ ನಮ್ಮಷ್ಟು ಮೌನಿಯಲ್ಲ. ಕ್ರಿ.ಶ. 250ರ ಸುಮಾರಿಗೆ ಚಕ್ರವರ್ತಿ ಡೇಸಿಯುಸನ ಹಿಂಸೆಯ ಕಾಲದಲ್ಲಿ ಅಲೆಕ್ಸಾಂಡ್ರಿಯದ ಸೆರಾಪಿಯೋನ್ ಎಂಬ ವೃದ್ಧನು ಭಯದಿಂದ ವಿಗ್ರಹಗಳಿಗೆ ಬಲಿಯರ್ಪಿಸಿದ್ದನು. ಅನಂತರ ಕ್ಷಮೆಗಾಗಿ ಎಷ್ಟು ಬೇಡಿದರೂ ಯಾರೂ ಕಿವಿಗೊಡಲಿಲ್ಲ. ಕಡೆಗೆ ಅವನು ಕಾಯಿಲೆ ಬಿದ್ದು ಮೂರು ದಿನ ಮಾತಿಲ್ಲದೆ, ಪ್ರಜ್ಞೆಯಿಲ್ಲದೆ ಮಲಗಿದನು. ನಾಲ್ಕನೆಯ ದಿನ ತುಸು ಎಚ್ಚರವಾದಾಗ ಮಗಳ ಮಗನನ್ನು ಕರೆದು ಯಾಜಕನಲ್ಲಿಗೆ ಕಳುಹಿಸಿದನು. ಅದು ರಾತ್ರಿ, ಯಾಜಕನೂ ಅಸ್ವಸ್ಥ. ಅವನು ಪರಮಪ್ರಸಾದದ ಸಣ್ಣದೊಂದು ಚೂರನ್ನು ಹುಡುಗನ ಕೈಗಿತ್ತು, ಅದನ್ನು ನೆನೆಸಿ ವೃದ್ಧನ ಬಾಯಿಗೆ ಹನಿಸುವಂತೆ ಹೇಳಿ ಕಳುಹಿಸಿದನು. ಹುಡುಗ ಹಾಗೆಯೇ ಮಾಡಿದನು. ವೃದ್ಧನು ಸ್ವಲ್ಪ ನುಂಗಿ ಪ್ರಾಣಬಿಟ್ಟನು. ಈ ಸಂಗತಿಯನ್ನು ಧರ್ಮಾಧ್ಯಕ್ಷ ದಿಯೊನೀಸಿಯುಸ್ ಪತ್ರವೊಂದರಲ್ಲಿ ಬರೆದಿದ್ದು, ಎವುಸೇಬಿಯುಸನು ತನ್ನ ಧರ್ಮಸಭೆಯ ಚರಿತ್ರೆಯ ಆರನೆಯ ಪುಸ್ತಕದಲ್ಲಿ ಅದನ್ನು ಉಳಿಸಿಕೊಟ್ಟಿದ್ದಾನೆ. ಸಾಮಾನ್ಯವಾಗಿ ಪಾಪಕ್ಷಮೆಯ ಇತಿಹಾಸಕ್ಕಾಗಿ ಇದನ್ನು ಓದುತ್ತೇವೆ. ಆ ಯಾಜಕನು ಹೇಳಿಕೊಟ್ಟ ಉಪಾಯದ ಕಡೆಗೂ ಗಮನ ಹರಿಸಬೇಕು: ಚೂರು ಸಣ್ಣದಾಗಿರಲಿ, ನೆನೆದಿರಲಿ, ಹನಿಹನಿಯಾಗಿ ಹೋಗಲಿ. ನುಂಗಲಾಗದವನೆಂಬ ಕಾರಣಕ್ಕೆ ಸಂಸ್ಕಾರವನ್ನು ಹಿಂದೆಗೆದುಕೊಳ್ಳುವ ಯೋಚನೆ ಅಲ್ಲಿಲ್ಲ.

675ರಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿ ಸೇರಿದ ಹನ್ನೊಂದನೆಯ ಸಭೆ ಇದೇ ವಿಷಯಕ್ಕೆ ಒಂದು ನಿಯಮವನ್ನೇ ಮೀಸಲಿಟ್ಟಿತು. ಸಾಯುವ ಹೊತ್ತಿನಲ್ಲಿ ಗಂಟಲು ಒಣಗಿ ಪ್ರಸಾದವನ್ನು ಹೊರಹಾಕಿದವರನ್ನು ದಂಡಿಸಲಾಗದು, ಅವರದು ಅವಿಶ್ವಾಸವಲ್ಲ, ದೇಹದ ದೌರ್ಬಲ್ಯ ಎಂದು ಅಲ್ಲಿನ ಧರ್ಮಾಧ್ಯಕ್ಷರು ನಿರ್ಣಯಿಸಿದರು. ಪಾನಪಾತ್ರೆಯ ಗುಟುಕೊಂದರ ಹೊರತು ಬೇರೇನೂ ಇಂಥವರಲ್ಲಿ ಇಳಿಯದೆಂಬುದನ್ನೂ ಅವರು ಗಮನಿಸಿದ್ದರು. ಎರಡು ರೂಪಗಳಲ್ಲಿ ಯಾವುದೊಂದರಲ್ಲಿಯೂ ಕ್ರಿಸ್ತರು ಪೂರ್ಣವಾಗಿ ಇದ್ದಾರೆಂದು ತ್ರೆಂತ್ ಮಹಾಸಭೆ 1551ರಲ್ಲಿ ಸಾರಿದ ಬೋಧನೆ ಈ ರೂಢಿಗೆ ಆಧಾರವೂ ಆಗಿದೆ. ರೊಟ್ಟಿಯ ರೂಪದಲ್ಲಿ ಸ್ವೀಕರಿಸಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಬಹುದೆಂದು 1967ರ ಪರಮಪ್ರಸಾದ ಕುರಿತ ವ್ಯಾಟಿಕನ್ ಸೂಚನಾಪತ್ರ ಹೇಳಿತು. ಲತೀನ್ ಧರ್ಮಸಭೆಯ ಕಾನೂನು ಸಂಹಿತೆಯ 925ನೆಯ ನಿಯಮವೂ ಅದಕ್ಕೆ ಅವಕಾಶ ಕೊಡುತ್ತದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇದನ್ನು ಎಷ್ಟು ಮಂದಿ ಕೇಳಿದ್ದಾರೆ?

ಆದರೆ ನಿಯಮವನ್ನು ತಿಳಿದ ಯಾಜಕನೂ ಇಲ್ಲಿ ಎಡವಬಹುದು. ತೊಲೆದೊದ ಧರ್ಮಾಧ್ಯಕ್ಷರು ಕಂಡದ್ದು ಒಣಗಿದ ಗಂಟಲನ್ನು. ಒಣಗಿದ ಗಂಟಲಿಗೆ ದ್ರವವೇ ಮದ್ದು. ಪಾರ್ಶ್ವವಾಯುವಿನಿಂದ ಮಲಗಿದವನ ಸ್ಥಿತಿ ಬೇರೆ. ನಾವು ನುಂಗುವಾಗ ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ, ಗಂಟಲಗಂಟು ಮೇಲೇರುತ್ತದೆ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಸುಮಾರು ಒಂದು ಸೆಕೆಂಡಿನಲ್ಲಿ ಇದೆಲ್ಲ ಮುಗಿಯುತ್ತದೆ. ಮಿದುಳಿಗೆ ಪೆಟ್ಟಾದಾಗ ಈ ಹೊಂದಾಣಿಕೆ ತಡವಾಗುತ್ತದೆ. ನೀರು, ಚಹಾ, ದ್ರಾಕ್ಷಾರಸದಂಥ ತೆಳು ದ್ರವಗಳು ಬೇಗ ಹರಿಯುವುದರಿಂದ ಮುಚ್ಚಳ ಬೀಳುವ ಮೊದಲೇ ಶ್ವಾಸನಾಳವನ್ನು ಸೇರುತ್ತವೆ. ನಾವು ಇದನ್ನು ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ, ಯಾರೋ ನೆನೆಯುತ್ತಿದ್ದಾರೆಂದು ನಗುತ್ತೇವೆ. ಪಾರ್ಶ್ವವಾಯುವಿನ ರೋಗಿಗಳಲ್ಲಿ ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಸದ್ದಿಲ್ಲದೆ ಇಳಿದದ್ದು ಕೆಲವು ದಿನಗಳ ಬಳಿಕ ನ್ಯುಮೋನಿಯಾ ಆಗಿ ಕಾಣಿಸಿಕೊಳ್ಳುತ್ತದೆ. ಕಾಯಿಲೆಯವರಿಗೆ ಹಗುರವೆಂದು ಮನೆಯವರು ಪ್ರೀತಿಯಿಂದ ಕೊಡುವ ಕುಚ್ಚಲಕ್ಕಿಯ ಗಂಜಿ ಇಂಥವರಿಗೆ ಕಷ್ಟದ ಆಹಾರ: ತಿಳಿಯೂ ಅಗುಳೂ ಬಾಯಲ್ಲಿ ಒಟ್ಟಿಗಿದ್ದು ಬೇರೆಬೇರೆ ವೇಗದಲ್ಲಿ ಇಳಿಯುತ್ತವೆ. ಒಂದೇ ಹದದಲ್ಲಿ ಕಾಸಿದ ರಾಗಿ ಮಣ್ಣಿ ಹಲವರಿಗೆ ಅದಕ್ಕಿಂತ ಸುಲಭ. ಆದುದರಿಂದ ನುಂಗಲಾಗದು ಎಂದೊಡನೆ ಪಾನಪಾತ್ರೆಯನ್ನು ತರುವುದು ನಿಯಮಬದ್ಧವೇ ಹೊರತು ಎಲ್ಲರಿಗೂ ಸುರಕ್ಷಿತವಲ್ಲ. ಪ್ರಸಾದದ ಹಿಂದೆಯೇ ಲೋಟದ ನೀರನ್ನು ಕುಡಿಸುವ ರೂಢಿಗೂ ಈ ಮಾತು ಅನ್ವಯಿಸುತ್ತದೆ.

ಯಾರಿಗೆ ಯಾವ ಹದ ಎಂಬುದನ್ನು ಹೇಳಬಲ್ಲವರು ವಾಕ್ ಚಿಕಿತ್ಸಕರು. ಅವರ ಕೆಲಸ ತೊದಲುವ ಮಕ್ಕಳಿಗೆ ಮಾತು ಕಲಿಸುವುದಷ್ಟೇ ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಮಾತಾಡುವ ನಾಲಗೆ, ತುಟಿ, ಗಂಟಲುಗಳೇ ನುಂಗುವುದಕ್ಕೂ ಬೇಕಾಗಿರುವುದರಿಂದ ನುಂಗುವ ತೊಂದರೆಯೂ ಅವರ ವಿದ್ಯೆಯ ಭಾಗವೇ ಆಗಿದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದಲೂ ಈ ವಿದ್ಯೆಯನ್ನು ಕಲಿಸುತ್ತಿದೆ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಸಂಸ್ಥೆಯೂ ಸೇರಿದಂತೆ ಹಲವು ಕಾಲೇಜುಗಳಿವೆ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜಿದೆ. ಆದರೂ ಸುಬ್ರಹ್ಮಣ್ಯದ ಕಡೆಯ ಮನೆಯೊಂದರಿಂದ ಮಂಗಳೂರು ನೂರು ಕಿಲೋಮೀಟರಿನ ದಾರಿ. ವಾರಕ್ಕೊಮ್ಮೆ ಮಲಗಿದವನನ್ನು ಜೀಪಿನಲ್ಲಿ ಕೂರಿಸಿ ಕರೆದೊಯ್ಯುವುದು ಅಡಿಕೆ ಕೊಯ್ಲಿನ ದಿನಗಳಲ್ಲಿ ಯಾರಿಂದಾದೀತು? ಆಸ್ಪತ್ರೆಯಿಂದ ಮನೆಗೆ ಬರುವ ಮುನ್ನ ಒಮ್ಮೆ ಸರಿಯಾಗಿ ಕೇಳಿ ಬರೆದುಕೊಂಡರೆ ಎಷ್ಟೋ ನಡೆಯುತ್ತದೆ. ಹಾಗೆ ಕೇಳಬೇಕೆಂದು ಮನೆಯವರಿಗೆ ಹೇಳುವ ಕೆಲಸ ಧರ್ಮಗುರುವಿನದೂ ಹೌದು.

ಕೊಡುವ ರೀತಿಯ ಬಗ್ಗೆ ಇಷ್ಟು ಹೇಳಬಹುದು. ರೋಗಿಯನ್ನು ದಿಂಬಿಗೊರಗಿಸಿ ಆದಷ್ಟು ನೆಟ್ಟಗೆ ಕೂರಿಸಬೇಕು, ಮಲಗಿಸಿಯೇ ಕೊಡಬಾರದು. ನಿದ್ದೆಯ ಮಂಪರಿನಲ್ಲಿದ್ದರೆ ಕಾಯಬೇಕು. ಸಾಸಿವೆಯಷ್ಟು ಚೂರಿನಲ್ಲಿಯೂ ಕ್ರಿಸ್ತರು ಪೂರ್ಣವಾಗಿದ್ದಾರೆಂಬುದು ನಮ್ಮ ವಿಶ್ವಾಸವಾಗಿರುವಾಗ ಇಡೀ ಪ್ರಸಾದವನ್ನೇ ಕೊಡಬೇಕೆಂಬ ಹಟ ಏಕೆ? ಚೂರನ್ನು ನಾಲಗೆಯ ಮೇಲಿರಿಸಿ, ಚಿಕಿತ್ಸಕರು ಒಪ್ಪಿದ ಹದದ ದ್ರವವನ್ನೇ ಒಂದು ಚಮಚ ಕೊಟ್ಟು, ನುಂಗಿದುದನ್ನು ನೋಡಿ, ಬಾಯಿ ಬರಿದಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಮುಂದಿನ ಪ್ರಾರ್ಥನೆ. ಆ ಬಳಿಕವೂ ಅರ್ಧ ಗಂಟೆ ಕೂರಿಸಿಯೇ ಇರಬೇಕು. ಬಾಯಿಯಿಂದ ಏನನ್ನೂ ಕೊಡಬಾರದೆಂದು ವೈದ್ಯರು ಹೇಳಿರುವಲ್ಲಿ ಆ ಮಾತನ್ನು ಮೀರಬಾರದು. ವ್ಯಾಧಿಸ್ಥರ ಅಭ್ಯಂಗವಿದೆ, ಬಯಕೆಯಿಂದ ಸ್ವೀಕರಿಸುವ ಆಧ್ಯಾತ್ಮಿಕ ಮಾರ್ಗವಿದೆ.

ಇನ್ನು ಮಾತಿನ ವಿಚಾರ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಉಂಟಾಗುವ ಅಫೇಸಿಯಾದಲ್ಲಿ ಬುದ್ಧಿ ಉಳಿದಿದ್ದರೂ ಶಬ್ದಗಳು ಕೈಕೊಡುತ್ತವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದನ್ನೂ ವೈಕಲ್ಯವೆಂದು ಗುರುತಿಸಿದೆ. ಇಂಥವರ ಪಾಪನಿವೇದನೆಗೆ ಸನ್ನೆ, ಬರಹ ಸಾಕೆಂಬುದು ನೈತಿಕ ದೈವಶಾಸ್ತ್ರದ ಹಳೆಯ ಬೋಧನೆ. 990ನೆಯ ನಿಯಮ ದುಭಾಷಿಗೂ ಅವಕಾಶ ಕೊಟ್ಟು, 983ನೆಯ ನಿಯಮ ಅವನನ್ನು ರಹಸ್ಯಕ್ಕೆ ಕಟ್ಟಿಹಾಕಿದೆ. ಆದರೆ ಅಫೇಸಿಯಾದವರ ‘ಹೌದು’ ಮತ್ತು ‘ಇಲ್ಲ’ ಎಷ್ಟೋ ಸಲ ಅದಲುಬದಲಾಗುತ್ತವೆಂಬುದನ್ನು ನಮ್ಮ ಪಠ್ಯಗಳು ತಿಳಿಸುವುದಿಲ್ಲ. ಯಾಜಕನು ಪಾಪಗಳ ಪಟ್ಟಿಯನ್ನು ಓದುತ್ತ ಹೋಗಿ, ಪ್ರತಿಯೊಂದಕ್ಕೂ ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ತಿಳಿದರೆ, ಮಾಡದ ಪಾಪವನ್ನು ಆ ಬಡಪಾಯಿಯ ತಲೆಗೆ ಕಟ್ಟಿದಂತಾಗುತ್ತದೆ. ಮೊದಲು ಉತ್ತರ ಗೊತ್ತಿರುವ ಒಂದೆರಡು ಪ್ರಶ್ನೆಗಳನ್ನು ಕೇಳಿ ತಲೆಯಾಡಿಸುವುದನ್ನು ಎಷ್ಟು ನಂಬಬಹುದೆಂದು ನೋಡಬೇಕು. ಚಿತ್ರಗಳನ್ನು ತೋರಿಸಿ ಬೆರಳಿಡಲು ಹೇಳಬಹುದು. ಮಾತು ನಿಂತ ಜಕರೀಯನಿಗೆ ಮಗನ ಹೆಸರನ್ನು ತಿಳಿಸಲು ಒಂದು ಹಲಗೆ ಸಾಕಾಯಿತೆಂದು ಲೂಕನ ಶುಭಸಂದೇಶದ ಮೊದಲ ಅಧ್ಯಾಯ ತಿಳಿಸುತ್ತದೆ. ಹಲಗೆ ಬರುವವರೆಗೆ ಹೆಸರನ್ನು ನೆರೆಯವರೇ ನಿಶ್ಚಯಿಸುತ್ತಿದ್ದರೆಂಬುದನ್ನೂ ಓದುಗರು ನೆನೆಯಬಹುದು. ಎಲ್ಲ ದಾರಿಗಳೂ ಮುಚ್ಚಿದಲ್ಲಿ, ಪಾಪಗಳನ್ನು ಪೂರ್ಣವಾಗಿ ಎಣಿಸಿ ಹೇಳುವ ಹೊಣೆ ಸಾಧ್ಯವಾದಷ್ಟಕ್ಕೆ ಮಾತ್ರ. ಪಶ್ಚಾತ್ತಾಪದ ಒಂದು ಗುರುತು ಸಾಕು.

ಭಾಷೆಯ ತೊಡಕು ನಮ್ಮ ಭಾಗದಲ್ಲಿ ವಿಶೇಷವಾದುದು. ಮನೆಯಲ್ಲಿ ಕೊಂಕಣಿ ಅಥವಾ ಮಲಯಾಳ, ತೋಟದಲ್ಲಿ ತುಳು, ಸುಳ್ಯದ ಕಡೆ ಅರೆಭಾಷೆ, ಶಾಲೆಯಲ್ಲಿ ಕನ್ನಡ. ಪಾರ್ಶ್ವವಾಯುವಿನ ಬಳಿಕ ಇವುಗಳಲ್ಲಿ ಯಾವುದು ಮೊದಲು ಮರಳುವುದೆಂದು ಮುಂಚಿತವಾಗಿ ಹೇಳಲಾಗದು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಸುಮ್ಮನಿದ್ದವನು ತುಳುವಿನಲ್ಲಿ ಕೇಳಿದಾಗ ಕಣ್ಣರಳಿಸಬಹುದು. ಇನ್ನೂ ಒಂದು ಸಂಗತಿ ಚಿಕಿತ್ಸಕರಿಗೆ ಚೆನ್ನಾಗಿ ಗೊತ್ತು: ನೀರು ಬೇಕೆಂದು ಹೇಳಲಾಗದವನು ಬಾಲ್ಯದಲ್ಲಿ ಕಂಠಪಾಠ ಮಾಡಿದ ಜಪವನ್ನು ತಡೆಯಿಲ್ಲದೆ ಹೇಳಬಲ್ಲನು. ಎಣಿಕೆ, ವಾರದ ಹೆಸರುಗಳು, ಹಾಡು, ಪ್ರಾರ್ಥನೆ ಇವು ಮಿದುಳಿನಲ್ಲಿ ಬೇರೆ ಹಾದಿಯಲ್ಲಿ ನಡೆಯುತ್ತವೆಂಬುದು ಅವರ ವಿವರಣೆ. ಹಾಗಾದರೆ ಅದು ಕೇವಲ ಗಿಳಿಪಾಠವೆ? ನಾವು ಹಾಗೆ ತಿಳಿಯುವುದಿಲ್ಲ. ಅಜ್ಜಿಯ ಪಕ್ಕದಲ್ಲಿ ಮೊಣಕಾಲೂರಿ ಕಲಿತ ಆ ಶಬ್ದಗಳಲ್ಲಿ ಧರ್ಮಸಭೆಯ ಪ್ರಾರ್ಥನೆ ಅವನ ಬಾಯಲ್ಲಿ ಉಳಿದಿದೆ. ಬೇರೆ ಶಬ್ದವಿಲ್ಲದವನು ತನ್ನ ಬೇಡಿಕೆಯನ್ನೆಲ್ಲ ಅದರಲ್ಲಿಯೇ ಇರಿಸಬಲ್ಲನು. ಆದುದರಿಂದ ಮನೆಯಲ್ಲಿ ಕಲಿತ ಭಾಷೆಯಲ್ಲಿಯೇ ಜಪವನ್ನು ಆರಂಭಿಸಿ, ಅವನು ಸೇರಿಕೊಳ್ಳುವವರೆಗೆ ತಡೆಯುವುದು ಲೇಸು.

ಗಮನದ ತೊಂದರೆ ಕಣ್ಣಿಗೆ ಕಾಣದು. ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾದವನು ಎದ್ದು ಓಡಾಡುತ್ತಾನೆ, ಆದರೆ ಎರಡು ಮಾತಿನ ನಡುವೆ ಎಳೆ ಕಳೆದುಕೊಳ್ಳುತ್ತಾನೆ. ಬಲಿಪೂಜೆಯ ಅರ್ಧಕ್ಕೆ ಎದ್ದುಹೋಗುತ್ತಾನೆ. ಊರು ಅದನ್ನು ಅಸಡ್ಡೆ ಎನ್ನುತ್ತದೆ. ಮಾರ್ಕನ ಏಳನೆಯ ಅಧ್ಯಾಯದಲ್ಲಿ ಕಿವುಡನೂ ತೊದಲನೂ ಆದವನನ್ನು ಪ್ರಭು ಮೊದಲು ಜನಜಂಗುಳಿಯಿಂದ ಆಚೆಗೆ ಕರೆದೊಯ್ಯುತ್ತಾರೆ; ಆಮೇಲೆ ಕಿವಿಯನ್ನೂ ನಾಲಗೆಯನ್ನೂ ಮುಟ್ಟುತ್ತಾರೆ. ಸದ್ದಿಲ್ಲದ ಕೋಣೆ, ಒಮ್ಮೆಗೆ ಒಂದೇ ಮಾತು, ಸ್ಪರ್ಶ: ಇಂದಿನ ಚಿಕಿತ್ಸಕರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಇಂಥವನಿಗೆ ವಾರದ ದಿನದ ಚಿಕ್ಕ ಬಲಿಪೂಜೆ ಭಾನುವಾರದ ಧ್ವನಿವರ್ಧಕಗಳಿಗಿಂತ ಹಿತವಾದೀತು.

ಎಂಡೋಸಲ್ಫಾನಿನ ಮಾತನ್ನು ಕಡೆಗಿಟ್ಟುಕೊಂಡಿದ್ದೇವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷವನ್ನು ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ನಿಷೇಧಿಸಿತು. ಸಿಂಪಡಣೆಯ ವರ್ಷಗಳಲ್ಲಿ ಹುಟ್ಟಿ ಸರ್ಕಾರ ಸಂತ್ರಸ್ತರೆಂದು ಗುರುತಿಸಿದ ಮಕ್ಕಳು ಈಗ ವಯಸ್ಕರು. ಉಣಿಸುವ ತಾಯಂದಿರು ಮುದುಕಿಯರು. ಕಡಬ ತಾಲ್ಲೂಕಿನ ಕೊಯಿಲದ ದಿನಪಾಲನಾ ಕೇಂದ್ರದಂಥವು ಕೆಲವರಿಗೆ ಆಸರೆಯಾಗಿವೆ. ನುಡಿಯೂ ಇಲ್ಲದ, ನುಂಗುವುದೂ ಕಷ್ಟವಾದ ಇಂಥ ವಯಸ್ಕರು ನಮ್ಮ ಕುಟುಂಬಗಳಲ್ಲಿದ್ದರೆ ಅವರಿಗೆ ಪ್ರಥಮ ಪರಮಪ್ರಸಾದ ಆಗಿದೆಯೆ? ಅರ್ಥವಾಗದವರಿಗೆ ಹೇಗೆ ಕೊಡುವುದೆಂಬ ಆಕ್ಷೇಪಕ್ಕೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2007ರಲ್ಲಿ ಉತ್ತರಿಸಿದ್ದಾರೆ: ದೀಕ್ಷಾಸ್ನಾನವನ್ನೂ ದೃಢೀಕರಣವನ್ನೂ ಪಡೆದ ಬುದ್ಧಿವೈಕಲ್ಯವುಳ್ಳವರು ತಮ್ಮೊಡನಿರುವ ಕುಟುಂಬದ ಅಥವಾ ಸಮುದಾಯದ ವಿಶ್ವಾಸದಲ್ಲಿಯೂ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಕೇರಳದಿಂದ ವಲಸೆ ಬಂದವರ ಯಾಕೋಬಾಯ ಮತ್ತು ಆರ್ಥೊಡಾಕ್ಸ್ ಧರ್ಮಕೇಂದ್ರಗಳು ಕಡಬದ ಆಸುಪಾಸಿನಲ್ಲಿಯೇ ಇವೆ. ಅಲ್ಲಿ ಎಳೆಗೂಸಿಗೂ ಪ್ರಸಾದವನ್ನು ಕೊಡುವುದನ್ನು ಕಂಡವರಿಗೆ ಈ ಬೋಧನೆ ಹೊಸದೆನಿಸದು.

ಗುರುಮಠದ ವಿದ್ಯಾರ್ಥಿಗಳು ಉಪದೇಶ ಕಲೆಗೆ ಕೊಡುವ ಸಮಯದಲ್ಲಿ ಒಂದು ವಾರವನ್ನು ಮಂಗಳೂರಿನ ವಾಕ್ ಚಿಕಿತ್ಸಾ ವಿಭಾಗವೊಂದರಲ್ಲಿ ಕಳೆಯಬಾರದೇಕೆ? ಅಷ್ಟಾಗುವ ತನಕ ಧರ್ಮಕೇಂದ್ರದ ರೋಗಿಗಳ ಪಟ್ಟಿಗೆ ಇನ್ನೊಂದು ಅಂಕಣವನ್ನು ಗೆರೆಯೆಳೆದು ಸೇರಿಸಬಹುದು. ಯಾವ ರೂಪದಲ್ಲಿ, ಎಷ್ಟು ಚೂರು, ಯಾವ ಹದದ ದ್ರವದೊಡನೆ, ಯಾವ ಭಾಷೆಯಲ್ಲಿ, ‘ಹೌದು’ ಎನ್ನಲು ಏನು ಸನ್ನೆ ಎಂಬುದನ್ನು ಮನೆಯವರನ್ನು ಕೇಳಿ ಅದರಲ್ಲಿ ಬರೆದಿಟ್ಟರೆ, ಹೊಸದಾಗಿ ಬರುವ ಸಹಾಯಕ ಧರ್ಮಗುರು ಮೊದಲ ಶುಕ್ರವಾರ ಬೆಳಗ್ಗೆ ಅದನ್ನು ಓದಿಕೊಂಡು ಹೊರಡಬಹುದು.